ಬಂಬ್ ರಿಪೇರಿ: ಐದು ಸಾವಿರ ಹೋಯಿತು, ಬೇಕಾಗಿದ್ದು ಸಾವಿರದ ನಾನೂರು

ಸೇಡಂ ತಾಲ್ಲೂಕಿನ ನಮ್ಮೂರ ಮನೆಯ ಹಿತ್ತಲಲ್ಲಿ ಜಳಕದ ನೀರು ಕಾಯಿಸುವ ತಾಮ್ರದ ಒಂದು ಬಂಬ್ ಇದೆ. ಕೆಲವರು ಬಾಯ್ಲರ್ ಅಂತಾರೆ, ನಮ್ಮಲ್ಲಿ ಮೊದಲಿನಿಂದ ಬಂಬ್. ಅಪ್ಪ ತಂದಿದ್ದು. ಅಡ್ಡಗಲ 15 ಇಂಚು, ಒಳಗೆ ನೀರು ನಿಲ್ಲುವ ಎತ್ತರ 24 ಇಂಚು, ನಟ್ಟನಡುವೆ ಹೊಗೆ ಏರುವ 5 ಇಂಚಿನ ಕೊಳವೆ. ಕೆಳಗೆ ಒಲೆ, ಕಬ್ಬಿಣದ ಜಾಲರಿ, ಅದರಡಿ ಬೂದಿ ಬೀಳುವ ತಟ್ಟೆ. ನೀರು ಸುರಿಯಲು ಮೇಲೆ ಲಾಳಿಕೆ, ಹಿಡಿಯಲು ಕೆಳಗೆ ಹಿತ್ತಾಳೆ ನಳ. ನಾಲ್ಕು ಕೊಡ ನೀರು ಹಿಡಿಯುತ್ತದೆ, ಅಂದರೆ 60 ಲೀಟರ್.

ಗೀಜರ್ ಯಾಕಿಲ್ಲ ಅಂದರೆ, ಇತ್ತು. ಹದಿನಾಲ್ಕು ತಿಂಗಳಿಗೆ ಕಾಯಿಲ್ ಸುಟ್ಟಿತು. ಬಿಚ್ಚಿದಾಗ ಕಾಯಿಲ್ ಕಾಣಲಿಲ್ಲ, ಸುಣ್ಣದ ಗಡ್ಡೆ ಕಂಡಿತು. ನೆಲ ಅಗೆದರೆ ಪರಸಿ, ಅಂದರೆ ಸುಣ್ಣದ ಕಲ್ಲಿನ ಚಪ್ಪಡಿ, ಸಿಗುವ ಸೀಮೆ ನಮ್ಮದು, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಸುಮ್ಮನೆ ಬಂದು ಕೂತಿಲ್ಲ. ಆ ಸುಣ್ಣದ ಕಲ್ಲಿನ ಸಂದಿಯಿಂದ ಬರುವ ಬೋರಿನ ನೀರು ಕುದಿಸಿದ ಪಾತ್ರೆಗೆಲ್ಲ ಬಿಳಿ ಬಳಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಬಂಬಿನ ಒಳಗೂ ಅದೇ ನೀರೇ ಕಾಯುತ್ತಿದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ನವೆಂಬರ್ 30, 2025, ಭಾನುವಾರ

ಎರಡು ಚಳಿಗಾಲದಿಂದ ನೀರು ಕಾಯುವುದು ತಡವಾಗುತ್ತಿತ್ತು, ಈ ವರ್ಷ ಅತಿಯಾಯಿತು. ಅವ್ವ ಐದಕ್ಕೆ ಎದ್ದು ಬೆಂಕಿ ಹಚ್ಚಿದರೆ ಮೊದಲ ಬಕೆಟ್ ಆರೂವರೆಗೆ. ಹಿತ್ತಲ ತುಂಬ ಹೊಗೆ. "ಕಟಗಿ ಹಸಿ ಅದ" ಅಂತ ಅವ್ವ. "ಬಂಬಿಗೆ ವಯಸ್ಸಾಗ್ಯದ" ಅಂತ ನಾನು. "ಇನ್ನೊಂದ್ ಗೀಜರ್ ತರ್ರಿ" ಅಂತ ಮನೆಯವಳು.

ನಾನು ಹೈಸ್ಕೂಲಿನಲ್ಲಿ ಗುಮಾಸ್ತ. ವಿಜ್ಞಾನದ ಸರ್ ಹತ್ತಿರ 110 ಡಿಗ್ರಿಯ ಥರ್ಮಾಮೀಟರ್ ಕೇಳಿ ತಂದೆ. ಒಡೆದರೆ ನೀವೇ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು ಅಂದರು. ರಿಜಿಸ್ಟರ್ ಬರೆಯುವವನು ಹೇಗೂ ನಾನೇ. ಕಟ್ಟಿಗೆ ತೂಗಲು ತೊಗರಿ ಚೀಲ ತೂಗುವ ಕೊಕ್ಕೆ ಕಾಟಾ.

ಅಳತೆ ಹೀಗೆ ಬಂತು: ನೀರು 21 ಡಿಗ್ರಿ ಇದ್ದದ್ದು 50 ಡಿಗ್ರಿಗೆ ಏರಲು 1 ಗಂಟೆ 35 ನಿಮಿಷ. ಉರಿದ ತೊಗರಿ ಕಟ್ಟಿಗೆ 7 ಕಿಲೊ 400 ಗ್ರಾಂ. ಈ ಒಂದು ಸಾಲು ಬರೆದಿಟ್ಟದ್ದೇ ಇಡೀ ಕೆಲಸದಲ್ಲಿ ನಾನು ಮೊದಲ ಸಲಕ್ಕೇ ಸರಿ ಮಾಡಿದ್ದು.

ಡಿಸೆಂಬರ್ 3ರಿಂದ 6: ಬ್ಲೋವರ್

ಉರಿ ಸಾಲುತ್ತಿಲ್ಲ, ಗಾಳಿ ಊದಿದರೆ ಆಯಿತು ಅನ್ನಿಸಿತು. ಕಲಬುರಗಿಯಿಂದ 650 ರೂಪಾಯಿಯ ಚಿಕ್ಕ ಬ್ಲೋವರ್ ತರಿಸಿದೆ. ಒಲೆಯ ಬಾಯಿಗೆ ಇಟ್ಟು ಚಾಲೂ ಮಾಡಿದಾಗ ಮೊದಲು ಮುಖಕ್ಕೆ ಬೂದಿ ಬಂತು. ಆಮೇಲೆ ಉರಿ ಭರ್ರೆಂದು ಎದ್ದಿತು, ಮೊಮ್ಮಗ ಚಪ್ಪಾಳೆ ತಟ್ಟಿದ. ಅವ್ವ ಸುಮ್ಮನೆ ನೋಡುತ್ತಿದ್ದಳು.

ನಾಲ್ಕು ದಿನ ನಡೆಸಿದೆ. ಸಮಯ ಇಳಿದದ್ದು ಹತ್ತು ನಿಮಿಷ, ಕಟ್ಟಿಗೆ ಏರಿದ್ದು ಒಂದು ಕಿಲೊ. ಕೊಳವೆಯ ಮೇಲ್ತುದಿ ಕೈ ಹಚ್ಚಲಾಗದಷ್ಟು ಸುಡುತ್ತಿತ್ತು, ನೀರು ಮಾತ್ರ ಬೆಚ್ಚಗೆ. ಅಂದರೆ ಬೆಂಕಿಯ ಕಾವು ನೀರಿಗೆ ಇಳಿಯದೆ ಆಕಾಶಕ್ಕೆ ಹೋಗುತ್ತಿದೆ. ಇದನ್ನು ನಾಲ್ಕು ದಿನ ನೋಡಿದರೂ ಅರ್ಥ ಮಾಡಿಕೊಳ್ಳಲು ಐದನೇ ದಿನ ಬೇಕಾಯಿತು. ಈಗ ಆ ಬ್ಲೋವರ್ ಕಂಪ್ಯೂಟರ್ ಧೂಳು ಹೊಡೆಯಲು ಶಾಲೆಯಲ್ಲಿದೆ.

ಡಿಸೆಂಬರ್ 7: ಆಸಿಡ್

ಲಾಳಿಕೆ ತೆಗೆದು ಟಾರ್ಚ್ ಬಿಟ್ಟೆ. ನಡುಕೊಳವೆಯ ಮೈ ತಾಮ್ರದ ಬಣ್ಣದಲ್ಲಿರಲಿಲ್ಲ, ಸುಣ್ಣ ಹಚ್ಚಿದ ಗೋಡೆಯಂತಿತ್ತು. ಉದ್ದ ಕಬ್ಬಿಣದ ಸರಳಿನಿಂದ ಕೆರೆದರೆ ಹಕ್ಕಳೆ ಏಳುತ್ತಿತ್ತು, ಕಾಲು ಇಂಚಿಗೆ ತುಸು ಕಡಿಮೆ ದಪ್ಪ. ರೋಗ ಸಿಕ್ಕಿತು, ಸರಿ. ಔಷಧಿ ತಪ್ಪಿದೆ.

ಪಾಯಖಾನೆ ತೊಳೆಯುವ ಆಸಿಡ್ ಮೂರು ಬಾಟಲಿ, 150 ರೂಪಾಯಿ. ಬಂಬಿನಲ್ಲಿ ಅರ್ಧ ಕೊಡ ನೀರಷ್ಟೇ ಬಿಟ್ಟು ಮೂರೂ ಸುರಿದೆ. ಬುಸ್ಸೆಂದು ನೊರೆ ಲಾಳಿಕೆಯ ಬಾಯಿಗೆ ಬಂತು, ಹೊಗೆಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಗ್ಲೌಸ್ ಇಲ್ಲ, ಕನ್ನಡಕ ಇಲ್ಲ. "ಕೆಲಸ ಮಾಡ್ಲಕತ್ತದ" ಅಂತ ಖುಷಿಪಟ್ಟು ರಾತ್ರಿಯಿಡೀ ಬಿಟ್ಟೆ.

ಬೆಳಿಗ್ಗೆ ಹಿತ್ತಾಳೆ ನಳದ ಹಳದಿ ಹೋಗಿ ಕೆಂಪು ಬಂದಿತ್ತು. ಮೊದಲೇ ಸವೆದಿದ್ದ ನಳ, ಈಗ ತಿರುಗಿಸಿದರೆ ಸುಮ್ಮನೆ ತಿರುಗುತ್ತದೆ, ನೀರು ನಿಲ್ಲುವುದಿಲ್ಲ. ಅದರ ಬುಡದ ಬೆಸುಗೆಯೂ ಅಲ್ಲಲ್ಲಿ ತಿಂದುಹೋಗಿತ್ತು. ಸುಣ್ಣದ ಪದರ ಮೇಲೆ ಮೇಲೆ ಕರಗಿದೆ, ಕೆಳಗಿನದು ಹಾಗೇ ಇದೆ. ಸುಣ್ಣಕ್ಕಿಂತ ಮೊದಲು ನನ್ನ ನಳವೇ ಕರಗಿತು ಅನ್ನಿ. ಕಬ್ಬಿಣದ ಬಂಬಾಗಿದ್ದರೆ, ಅದರಲ್ಲೂ ಸತುವಿನ ಲೇಪದ ತಗಡಿನದಾಗಿದ್ದರೆ, ಮೈಯೇ ತೂತಾಗುತ್ತಿತ್ತು.

ಡಿಸೆಂಬರ್ 13, 14: ಕಲಬುರಗಿಗೆ ಮೊದಲ ಸಲ

ಬಂಬನ್ನು ಹಳೆ ಚಾದರದಲ್ಲಿ ಸುತ್ತಿ ಬಸ್ಸಿಗೆ ಏರಿಸಿದೆ. ಕಂಡಕ್ಟರ್ ಅದರ ಸುತ್ತ ಒಂದು ಸುತ್ತು ಹಾಕಿ ಲಗೇಜ್ ಚೀಟಿ ಹರಿದರು. ಇಳಿದ ಮೇಲೆ ಟಂಟಂ ಆಟೊ. ಹೋಗಿಬರಲು 320 ರೂಪಾಯಿ.

ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯಲ್ಲಿ ತಾಮ್ರ ಹಿತ್ತಾಳೆ ಕೆಲಸ, ಕಲಾಯಿ ಮಾಡುವ ಚಾಚಾ ಕೂರುತ್ತಾರೆ. ಅವರು ಬಂಬ್ ಬಿಚ್ಚಲೂ ಇಲ್ಲ. ಚಿಕ್ಕ ಸುತ್ತಿಗೆಯಿಂದ ಮೇಲಿಂದ ಕೆಳಗೆ ತಟ್ಟುತ್ತ ಬಂದರು. ಮೇಲೆ ಠಣ್ ಠಣ್, ಕೆಳಗೆ ಬರುತ್ತ ಬರುತ್ತ ಧಬ್ ಧಬ್.

"ಕೇಳ್ಸಕತ್ತದಾ ಸರ್? ಇಲ್ಲಿತನಕ ಸುಣ್ಣ ಕುಂತದ."

ಆಸಿಡ್ ಹಾಕಿದ್ದೆ ಅಂದಾಗ ಬೈಯಲಿಲ್ಲ, ನಳ ಕಿತ್ತು ನನ್ನ ಕೈಗೆ ಕೊಟ್ಟರು. ಒಳಗಿನ ಭಾಗ ಇರುವೆ ತಿಂದ ಬೆಲ್ಲದಂತಿತ್ತು. "ನಿಂಬೆ ಉಪ್ಪು ಹಾಕ್ರಿ, ಉಗುರುಬೆಚ್ಚಗ ಇಡ್ರಿ, ಒಂದ್ ದಿನ ಬಿಡ್ರಿ. ಅವಸರ ಮಾಡಬ್ಯಾಡ್ರಿ" ಅಂದರು.

ಈಗ ಇಡೀ ಕಥೆಯಲ್ಲಿ ದೊಡ್ಡ ತಪ್ಪು. ಹಳೆ ನಳ ತಳದಿಂದ ಮೂರು ಇಂಚು ಮೇಲಿತ್ತು. ಹೀಗಾಗಿ ಎಷ್ಟೇ ಹಿಡಿದರೂ ತಳದಲ್ಲಿ ಅರ್ಧ ಕೊಡ ನೀರು ಉಳಿಯುತ್ತಿತ್ತು. ಇಷ್ಟು ವರ್ಷ ಅದು ನನಗೆ ದಂಡ ಅನ್ನಿಸಿತ್ತು: ದಿನಾ ಅರ್ಧ ಕೊಡ ಬಿಸಿನೀರು ಸುಮ್ಮನೆ ಒಳಗೇ ಆರುವುದು. ಹೇಗೂ ಹಳೆ ತೂತಿನ ಅಂಚು ಹಾಳಾಗಿದೆ, ಅದನ್ನು ತೇಪೆ ಹಾಕಿ ಮುಚ್ಚಿ ಹೊಸ ನಳ ತಳಕ್ಕೇ ಕೂಡಿಸಿ ಅಂದೆ.

"ಇದ್ದಲ್ಲೇ ಇಡೋಣ್ರಿ ಸರ್. ಮಾಡಿದವ್ರು ಏನೋ ನೋಡೇ ಇಟ್ಟಿರ್ತಾರ."

"ಇಲ್ಲ ಚಾಚಾ, ಪೂರಾ ನೀರು ಬರಬೇಕು."

"ಬಂಬ್ ನಿಮ್ದದ" ಅಂದು ಕೆಲಸಕ್ಕೆ ಕೂತರು. ಹೊಸ ನಳ 280, ತೇಪೆ ಮತ್ತು ಬೆಸುಗೆ 700. ನಳ ಈಗ ತಳದಿಂದ ಒಂದೇ ಇಂಚು ಮೇಲೆ.

ಡಿಸೆಂಬರ್ 15, 16: ನಿಂಬೆ ಉಪ್ಪು

ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಒಂದೂವರೆ ಕಿಲೊ, 270 ರೂಪಾಯಿ. ಬಕೆಟಿನಲ್ಲಿ ಬಿಸಿನೀರಿಗೆ ಕರಗಿಸಿ ಲಾಳಿಕೆಯಿಂದ ಸುರಿದು, ಬಂಬ್ ಕಂಠದತನಕ ತುಂಬಿ, ಕೆಳಗೆ ಎರಡೇ ಕುಳ್ಳು (ಬೆರಣಿ) ಹಚ್ಚಿಟ್ಟೆ. ನೀರು 45 ಡಿಗ್ರಿ ಆಸುಪಾಸು. ಕಿವಿ ಹಚ್ಚಿದರೆ ಒಳಗೆ ಸಣ್ಣಗೆ ಚರಚರ ಸದ್ದು, ಸೋಡಾ ಬಾಟಲಿ ತೆಗೆದಂತೆ.

ಇಲ್ಲೊಂದು ಸಣ್ಣ ತಪ್ಪು. ಸಂಜೆ ಬೇಗ ಆಗಲಿ ಅಂತ ಇನ್ನೆರಡು ಕಟ್ಟಿಗೆ ತುರುಕಿದೆ, ನೀರು 80 ದಾಟಿತು. ಬೆಳಿಗ್ಗೆ ಖಾಲಿ ಮಾಡಿದಾಗ ತಳದಲ್ಲಿ ಅಂಬಲಿಯಂಥ ಬಿಳಿ ಗಸಿ ಕೂತಿತ್ತು. ಸುಣ್ಣವೂ ಸಿಟ್ರಿಕ್ಕೂ ಕೂಡಿ ಆಗುವ ಗಸಿ ಅದು, ನೀರು ಕಾದಷ್ಟೂ ಕರಗುವುದಿಲ್ಲ, ತಳ ಹಿಡಿಯುತ್ತದೆ. ತಳದಲ್ಲಿ ಬಿರಡೆ ಇರಲಿಲ್ಲವಾಗಿ ಬಂಬನ್ನು ಮಗ್ಗುಲಿಗೆ ಮಲಗಿಸಿ, ಪೈಪ್ ಬಿಟ್ಟು, ನಾನೂ ಮಗನೂ ಉರುಳಿಸಿ ಉರುಳಿಸಿ ತೊಳೆದೆವು. ಹೊರಬಂದ ಹಕ್ಕಳೆ ಒಣಗಿಸಿ ತೂಗಿದರೆ 1 ಕಿಲೊ 700 ಗ್ರಾಂ. ಕರಗಿ ಹೋದದ್ದು ಲೆಕ್ಕಕ್ಕಿಲ್ಲ. ಅವ್ವ ಅದನ್ನು ಮುಟ್ಟಿ ನೋಡಿ, "ಇಷ್ಟು ಕಲ್ಲು ಕಾಸ್ಕೋತ ಕುಂತಿದ್ನಲ್ಲ ಯಪ್ಪಾ" ಅಂದಳು.

ಸುತ್ತಿಗೆ ತಟ್ಟಿದರೆ ಈಗ ಕೆಳಗಿನತನಕ ಠಣ್. ಅದೇ ಕಟ್ಟಿಗೆ, ಅದೇ ಒಲೆ: 50 ಡಿಗ್ರಿಗೆ 1 ಗಂಟೆ 10 ನಿಮಿಷ, 6 ಕಿಲೊ. ಇಪ್ಪತ್ತೈದು ನಿಮಿಷ ಉಳಿಯಿತು. ಇನ್ನೂ ಹೊಗೆ ಹೊಗೆಯೇ.

ಡಿಸೆಂಬರ್ 19, ಎಳ್ಳಮಾಸಿ

ನಮ್ಮ ಕಡೆ ಎಳ್ಳಮಾಸಿ ಅಂದರೆ ಮನೆಗೆ ಮನೆಯೇ ಹೊಲಕ್ಕೆ ಹೋಗುವ ದಿನ. ಭಜ್ಜಿ, ಸಜ್ಜಿರೊಟ್ಟಿ, ಕಡುಬು ಕಟ್ಟಿಕೊಂಡು ಹೋಗಿ, ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಬನ್ನಿ ಗಿಡದ ಬುಡದಲ್ಲಿ ಉಣ್ಣುವುದು. ಹಿಂದಿನ ರಾತ್ರಿಯೇ ತಂಗಿಯ ಮನೆಯವರೆಲ್ಲ ಬಂದಿದ್ದರು. ಬೆಳಿಗ್ಗೆ ಒಂಬತ್ತು ಜನರ ಜಳಕ.

ತಂಗಿಯ ಮಗ ನಾಲ್ಕಕ್ಕೇ ಎದ್ದು ಬೆಂಕಿ ಹಚ್ಚಿದ. ಕಟ್ಟಿಗೆ ಮೇಲಿಂದ ಮೇಲೆ ಹಾಕುವ ತಾಪತ್ರಯ ಬೇಡ ಅಂತ ತೋಳಿನ ಗಾತ್ರದ ಮೂರು ಜಾಲಿ ತುಂಡು ಒಟ್ಟಿಗೆ ತುರುಕಿದ. ಜಾಲಿ ಒಮ್ಮೆ ಹತ್ತಿತೆಂದರೆ ಎರಡು ತಾಸು ಕೆಂಡ ಬಿಡುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ನೀರು ಹಿಡಿದರು. ಹೊಸ ನಳ ತಳದಲ್ಲೇ ಇದೆ, ಕೊನೆಯ ಬಕೆಟ್‌ತನಕ ಛಂದವಾಗಿ ಬಂತು. ನಾನೇ ಎಲ್ಲರಿಗೂ ಹೇಳಿದೆ ಕೂಡ: ನೋಡ್ರಿ, ಈಗ ಪೂರಾ ನೀರು ಬರ್ತದ ಅಂತ. ತಿರುಗಿ ಕೊಡ ಸುರಿಯಬೇಕು ಅನ್ನುವುದು ಯಾರ ಕೆಲಸ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದು ಅವ್ವನ ಕೆಲಸ, ಅವತ್ತು ಅವಳು ಕಡುಬಿನ ಮುಂದೆ ಕೂತಿದ್ದಳು.

ಆರೂ ಕಾಲಿಗೆ ಹಿತ್ತಲಿಂದ ಟಿಕ್ ಟಿಕ್ ಸದ್ದು, ಕಾದ ಬಾಣಲೆಯ ವಾಸನೆ. ಹೋಗಿ ನೋಡಿದರೆ ಬೂದಿ ತಟ್ಟೆಯಲ್ಲಿ ಬೆಳ್ಳಿಯ ಹನಿಗಳು. ಅಪ್ಪನ ಕಾಲದಲ್ಲೊಮ್ಮೆ ಕೊಳವೆಯ ಬುಡಕ್ಕೆ ಸೀಸ-ತವರದ ಬೆಸುಗೆ ಹಾಕಿಸಿದ್ದರು. ನೀರು ಇರುವತನಕ ಆ ಜಾಗ ನೂರು ಡಿಗ್ರಿ ದಾಟುವುದಿಲ್ಲ. ನೀರು ಹೋಯಿತೆಂದರೆ ಇನ್ನೂರರ ಆಸುಪಾಸಿಗೇ ಆ ಬೆಸುಗೆ ಇಳಿದು ಬರುತ್ತದೆ.

ಗಾಬರಿಯಲ್ಲಿ ಮತ್ತೊಂದು ತಪ್ಪು: ಒಂದು ಕೊಡ ತಣ್ಣೀರು ಲಾಳಿಕೆಗೆ ಸುರಿದೆ. ಭುಸ್ಸೆಂದು ಹಬೆ ಮೇಲಕ್ಕೆ ಚಿಮ್ಮಿ ಮೊಣಕೈತನಕ ಸುಟ್ಟಿತು, ಕೊಳವೆಯ ಬುಡ ಪಟ್ಟೆಂದು ಬಾಯಿ ಬಿಟ್ಟು ನೀರೆಲ್ಲ ಒಲೆಗೆ ಇಳಿಯಿತು. ಬೆಂಕಿ ಆರಿತು, ಹಿತ್ತಲ ತುಂಬ ಬೂದಿಯ ಕೆಸರು. ಮಾಡಬೇಕಾಗಿದ್ದು ಇಷ್ಟೇ: ಕೆಂಡ ಹೊರಗೆಳೆದು, ಬಂಬನ್ನು ತಾನಾಗೇ ಆರಲು ಬಿಟ್ಟು ದೂರ ನಿಲ್ಲುವುದು. ಖಾಲಿ ಕಾದ ಬಂಬಿಗೆ ತಣ್ಣೀರು ಸುರಿಯಲೇಬಾರದು.

ಹೊಲಕ್ಕೆ ಹೋದೆವು. ಕೈಗೆ ಬರ್ನಾಲ್ ಹಚ್ಚಿಕೊಂಡು ಎಡಗೈಯಲ್ಲಿ ಭಜ್ಜಿ ತಿಂದೆ.

ಡಿಸೆಂಬರ್ 20ರಿಂದ 28: ಹಂಡೆ, ಚಿಮಣಿ, ಎರಡನೇ ಸಲ ಕಲಬುರಗಿ

ಒಂದು ವಾರ ಮೂರು ಕಲ್ಲಿನ ಮೇಲೆ ಹಂಡೆ. ಬಂಬ್ ಇಲ್ಲದ ಜಾಗ ಬೋಳಾಗಿ ನಿಂತಿದ್ದರಿಂದಲೇ ಮೇಲಿನ ಚಿಮಣಿಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ್ದು. ಎರಡು ವರ್ಷದ ಹಿಂದೆ ಹಿತ್ತಲಿಗೆ ತಗಡಿನ ಪತ್ರಾಸ್ ಹೊದಿಸಿದಾಗ, ಪತ್ರಾಸ್ ಕೊರೆಯಬಾರದು ಅಂತ ಚಿಮಣಿಗೆ ಮೊಣಕೈಯಂಥ ತಿರುವು ಹಾಕಿ ನಾಲ್ಕು ಅಡಿ ಅಡ್ಡಕ್ಕೆ ಮಲಗಿಸಿ ಹೊರಗೆ ಬಿಟ್ಟಿದ್ದೆ. ನೀರು ಕಾಯುವುದು ತಡವಾಗಲು ಶುರುವಾಗಿದ್ದೂ ಎರಡು ವರ್ಷದ ಹಿಂದೆ. ಎರಡನ್ನೂ ಕೂಡಿಸಿ ನೋಡಿರಲಿಲ್ಲ.

25ರಂದು ಕ್ರಿಸ್‌ಮಸ್ ರಜೆ. ತಿರುವನ್ನು ಬಿಚ್ಚಿ ಕೆಳಗಿಂದ ಕನ್ನಡಿ ಹಿಡಿದೆ. ಐದು ಇಂಚಿನ ಕೊಳವೆಯಲ್ಲಿ ಬೆಳಕು ಕಂಡದ್ದು ಎರಡು ಬೆರಳಗಲ. ಉಳಿದದ್ದೆಲ್ಲ ಮಸಿ, ಅದೂ ಒಣ ಮಸಿಯಲ್ಲ, ಡಾಂಬರಿನಂತೆ ಅಂಟು. ಹಸಿ ಕಟ್ಟಿಗೆಯ ಹೊಗೆ ಅಡ್ಡ ಕೊಳವೆಯಲ್ಲಿ ತಣ್ಣಗಾಗಿ ಹೀಗೆ ಮೆತ್ತಿಕೊಳ್ಳುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತಲೂಬಹುದು. ಗೋಣಿಚೀಲದಲ್ಲಿ ಕಲ್ಲು ಕಟ್ಟಿ, ಎರಡೂ ಕಡೆ ಹಗ್ಗ ಹಾಕಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಎಳೆದೆವು. ಅರ್ಧ ಬಕೆಟ್ ಮಸಿ ಬಂತು. ಆ ಗೋಣಿ, ಆ ಹಗ್ಗ, ನನ್ನ ಬನಿಯನ್ ಮೂರನ್ನೂ ಎಸೆದೆ.

ತಗಡಿನ ಕೆಲಸದವರ ಹತ್ತಿರ 5 ಇಂಚಿನ ನೇರ ಕೊಳವೆ 6 ಅಡಿ, ಮೇಲೆ ಮಳೆಗೆ ಟೋಪಿ, 950 ರೂಪಾಯಿ. ಪತ್ರಾಸ್‌ಗೆ 8 ಇಂಚಿನ ತೂತು ಕೊರೆದು ನೇರ ಮೇಲಕ್ಕೆ ಏರಿಸಿದೆ. ಸುತ್ತ ಒಂದೂವರೆ ಇಂಚು ಸಂದಿ ಬಿಟ್ಟಿದ್ದೇನೆ, ಕಾದ ಕೊಳವೆ ತಗಡಿಗೂ ಕಟ್ಟಿಗೆ ತೊಲೆಗೂ ತಾಗಬಾರದು. ಮಳೆಗಾಲದಲ್ಲಿ ಸಂದಿಯಿಂದ ನೀರು ಸೋರಬಹುದು, ಅದಕ್ಕೆ ಏನಾದರೂ ಆಮೇಲೆ ನೋಡಬೇಕು. ಮೂರೂ ಕಡೆ ಬಯಲಾಗಿರುವ ಶೆಡ್ಡನ್ನು ಹಾಗೇ ಬಿಟ್ಟಿದ್ದೇನೆ. ಗಾಳಿ ಬರ್ತದ ಅಂತ ಗೋಡೆ ಎಬ್ಬಿಸುವುದಾಗಲಿ ಬಂಬನ್ನು ಬಚ್ಚಲೊಳಗೆ ತರುವುದಾಗಲಿ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮೂಗಿಗೆ ತಿಳಿಯುವುದೇ ಇಲ್ಲ.

27ಕ್ಕೆ ಮತ್ತೆ ಬಸ್ಸು, ಟಂಟಂ, 360 ರೂಪಾಯಿ. ಚಾಚಾ ಬಂಬನ್ನು ತಲೆಕೆಳಗು ಮಾಡಿ ನೋಡಿದರು. ಮುಚ್ಚಿದ ಹಳೆ ತೂತಿನ ತೇಪೆಯ ಮೇಲೆ ನಾಲ್ಕು ಬೆರಳು ಇಟ್ಟರು, ಹೊಸ ನಳದ ಮೇಲೆ ಒಂದು ಬೆರಳು ಇಟ್ಟರು, ನನ್ನ ಮುಖ ನೋಡಿ ನಕ್ಕರು. ನಾನೇನೂ ಕೇಳಲಿಲ್ಲ.

ಈ ಸಲ ಅವರು ಹೇಳಿದಂತೆ. ಕೊಳವೆಯ ಬುಡದ ಹಳೆ ಸೀಸದ ಬೆಸುಗೆ ಪೂರಾ ಕೆರೆದು ತೆಗೆದು, ಗ್ಯಾಸ್ ಉರಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಗಟ್ಟಿ ಬೆಸುಗೆ. ನಳ ತಳದಿಂದ ಮೂರೂವರೆ ಇಂಚು ಮೇಲೆ. ನಾನು ಕೊನೆಗೂ ಸರಿಯಾಗಿ ಕೇಳಿದ ಒಂದೇ ಹೊಸ ವಸ್ತು ತಳದಲ್ಲೊಂದು ಬಿರಡೆ, ಗಸಿ ತೆಗೆಯಲಷ್ಟೇ, ದಿನದ ಬಳಕೆಗಲ್ಲ. ಬಿರಡೆ 200, ಉಳಿದ ಕೆಲಸ 1,250. ಅಂಗಡಿಯಲ್ಲೇ ನೀರು ತುಂಬಿ, ಬೆಸುಗೆಯ ಸುತ್ತ ಒಣ ಸೀಮೆಸುಣ್ಣ ಉಜ್ಜಿ ಅರ್ಧ ತಾಸು ಬಿಟ್ಟರು. ಎಲ್ಲಿಯೂ ಸುಣ್ಣ ಒದ್ದೆಯಾಗಲಿಲ್ಲ. ಹಳೆ ಸೀಸ ಈ ಬಂಬಿನಲ್ಲಿ ಇನ್ನೂ ಎಲ್ಲೋ ಸಂದಿಯಲ್ಲಿ ಇರಬಹುದು. ಜಳಕಕ್ಕೆ ಸರಿ, ಕುಡಿಯಲು ಅಡುಗೆಗೆ ಈ ನೀರು ಬೇಡ ಅಂತ ಅವ್ವನಿಗೆ ಹೇಳಿದ್ದೇನೆ. ಚಹಾಕ್ಕೆ ಬೇಗ ಆಗ್ತದ ಅಂತ ಅವಳು ಆಗಾಗ ಹಿಡಿಯುತ್ತಿದ್ದಳು.

28ರ ಅಳತೆ: 52 ನಿಮಿಷ, 4 ಕಿಲೊ 900 ಗ್ರಾಂ. ಒಲೆಯ ಬಾಯಿಗೆ ಊದುಬತ್ತಿ ಹಿಡಿದರೆ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಅದೇ ಊದುಬತ್ತಿಯ ಹೊಗೆ ಮುಖಕ್ಕೆ ಬರುತ್ತಿತ್ತು. ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ, ಮೊದಲ ದಿನವೇ ಮಾಡಬಹುದಿತ್ತು.

ಜನವರಿ 4, 2026: ಕಟ್ಟಿಗೆ

ಅವ್ವ ಮೊದಲ ದಿನ ಹೇಳಿದ್ದಕ್ಕೆ ಕೊನೆಗೆ ಬಂದೆ. ಕಟ್ಟಿಗೆ ಹಸಿ ಅದ.

ಕಳೆದ ವರ್ಷದ ತೊಗರಿ ಕಟ್ಟಿಗೆ ಅದು, ಹಸಿ ಹೇಗಾದೀತು ಅನ್ನುವುದು ನನ್ನ ವಾದವಾಗಿತ್ತು. ಆದರೆ 2025ರ ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಮೇಲೆ ಬಿದ್ದ ಮಳೆ ಸಣ್ಣದಲ್ಲ, ಭೀಮೆ ಉಕ್ಕಿ ಹೊಲಕ್ಕೆ ಹೊಲವೇ ಹೋಯಿತು. ನಮ್ಮ ಕಟ್ಟಿಗೆ ಬಣವೆ ಬರೀ ನೆಲದ ಮೇಲೆ, ತಾಡಪತ್ರಿ ಇಲ್ಲದೆ ನಿಂತಿತ್ತು. ಮೇಲಿನ ಎರಡು ಅಡಿ ಒಣಗಿದಂತೆ ಕಾಣುತ್ತದೆ, ಒಳಗೆ ಕೈ ಹಾಕಿದರೆ ತಣ್ಣಗೆ, ಕೆಳಗಿನ ಸಾಲಿಗೆ ಬೂಷ್ಟು.

5 ಕಿಲೊದ ಒಂದು ಹೊರೆ ತೂಗಿ ಮಾಳಿಗೆಯ ಮೇಲೆ ಹರಡಿದೆ. ಏಳು ದಿನದ ಬಿಸಿಲಿಗೆ 3 ಕಿಲೊ 850 ಗ್ರಾಂ. ಒಂದು ಕಿಲೊಗೂ ಮೇಲೆ ನೀರು! ಅಷ್ಟು ನೀರನ್ನು ನಾವು ಒಲೆಯಲ್ಲಿ ಆವಿ ಮಾಡಿ, ಉಳಿದ ಕಾವಿನಲ್ಲಿ ಜಳಕದ ನೀರು ಕಾಯಿಸುತ್ತಿದ್ದೆವು. ಈಗ ಗುರುತು ಸುಲಭ: ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿ ಸಿಪ್ಪೆ ಎಳೆದರೆ ಹಸಿ. ಒಲೆಗೆ ಹಾಕಿದಾಗ ಇನ್ನೊಂದು ತುದಿಯಲ್ಲಿ ನೊರೆ ಬಂದು ಸುಂಯ್ ಅಂದರೆ ಹಸಿ.

ಒಣಗಿದ ಕಟ್ಟಿಗೆಯ ಅಳತೆ: ನೀರು 18 ಡಿಗ್ರಿಯಿಂದ 50ಕ್ಕೆ 38 ನಿಮಿಷ, 2 ಕಿಲೊ 900 ಗ್ರಾಂ. ಮೊದಲ ದಿನದ 7 ಕಿಲೊ 400 ಗ್ರಾಂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬೇರೆ ಬೇರೆ ಉರುವಲೂ ಹಾಕಿ ನೋಡಿದೆ. ತೊಗರಿ ಕಟ್ಟಿಗೆ ಬೇಗ ಹತ್ತಿ ಬೇಗ ಮುಗಿಯುತ್ತದೆ, ಐದು ನಿಮಿಷಕ್ಕೊಮ್ಮೆ ಕೈ ಹಾಕಬೇಕು, ಬೂದಿ ಕಡಿಮೆ. ನಾಲ್ಕು ಕೊಡಕ್ಕೆ ಇದೇ ಸಾಕು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಕಟ್ಟಿಗೆಗೂ ಕೊಡಬಹುದಿತ್ತು. ಜಾಲಿ ಒಳ್ಳೆಯ ಕೆಂಡ, ಆದರೆ ಎಳ್ಳಮಾಸಿಯ ಪಾಠ ಆಗಿದೆ: ಒಂದೇ ತುಂಡು, ಅದೂ ಮಣಿಕಟ್ಟಿಗಿಂತ ದಪ್ಪ ಇಲ್ಲ, ಒಬ್ಬರು ಹಿತ್ತಲಲ್ಲಿ ಇರುವಾಗ ಮಾತ್ರ. ಕುಳ್ಳು ಕಾವು ಹಿಡಿದಿಡಲು ಸರಿ, ಆದರೆ ಬೂದಿ ಜಾಲರಿಯನ್ನು ಕಟ್ಟಿಬಿಡುತ್ತದೆ, ಕುಳ್ಳು ಹಾಕಿದ ದಿನ ಎರಡು ಸಲ ಕೆದಕಬೇಕು. ಹತ್ತಿ ಕಟ್ಟಿಗೆ ತೊಗರಿಯಂತೆಯೇ ಉರಿಯುತ್ತದೆ, ಮನೆಯಲ್ಲಿ ಒಟ್ಟಿ ಇಡಲು ಮನಸ್ಸಿಲ್ಲ. ಉಳಿದ ಕಾಯಿಯಲ್ಲಿ ಗುಲಾಬಿ ಕಾಯಿಕೊರಕ ಕೂತಿದ್ದು ಮುಂದಿನ ಬೆಳೆಗೆ ಏರುತ್ತದೆ, ಪಕ್ಕದ ಹೊಲದವರು ಬೈತಾರೆ. ಬೆಂಕಿ ಹಚ್ಚಲು ಸೈಕಲ್ ಟಯರಿನ ತುಂಡು ಹಾಕುವ ಚಾಳಿ ನಮ್ಮ ಓಣಿಯಲ್ಲಿದೆ, ನಮ್ಮ ಮನೆಯಲ್ಲೂ ಇತ್ತು. ಚಿಮಣಿಯ ಆ ಅಂಟು ಮಸಿಯಲ್ಲಿ ಅದರ ಪಾಲೂ ಇದೆ. ಈಗ ತೊಗರಿ ಹೊಟ್ಟು ಮತ್ತು ಒಂದು ಹಾಳೆ ಕಾಗದ.

ಹೊಸ ಕಟ್ಟಿಗೆ ಬರುವ ಹೊತ್ತು ಇದು, ರಾಶಿ ನಡೆದಿದೆ. ಈ ವರ್ಷ ಶೆಡ್ಡಿನ ಒಂದು ಮೂಲೆಯಲ್ಲಿ ಒಡೆದ ಶಹಾಬಾದ್ ಪರಸಿ ಹಾಸಿ, ಅದರ ಮೇಲೆ ಎರಡು ಸಾಲು ಇಟ್ಟಿಗೆ ಇಟ್ಟು, ಕಟ್ಟಿಗೆಯನ್ನು ನಿಲ್ಲಿಸಿ ಒಟ್ಟಿದ್ದೇವೆ. ಗಾಳಿ ಕೆಳಗಿಂದಲೂ ಆಡುತ್ತದೆ. ಬಂಬಿನಿಂದ ಆರು ಅಡಿ ದೂರ. ಮುಂದಿನ ಚಳಿಗಾಲಕ್ಕೆ ಇದು, ಈ ಚಳಿಗಾಲಕ್ಕೆ ಮಾಳಿಗೆಯ ಮೇಲೆ ಒಣಗಿಸಿದ್ದು.

ಲಾಳಿಕೆಯ ವಿಷಯ ಒಂದು ಮಾತು. ಹಬೆ ಹೋಗಿ ಕಾವು ಹಾಳಾಗ್ತದ ಅಂತ ಪಕ್ಕದ ಮನೆಯ ಕಾಕಾ ಲಾಳಿಕೆಯ ಬಾಯಿಗೆ ಬಟ್ಟೆ ಸುತ್ತಿದ ಮುಚ್ಚಳ ಬಡಿಯಲು ಹೇಳಿದರು. ಒಂದು ಸಲ ಮಾಡಿಯೂ ನೋಡಿದೆ. ನಳ ತಿರುಗಿಸಿದ ಕೂಡಲೇ ನೀರು ಪಿಚಕಾರಿಯಂತೆ ಚಿಮ್ಮಿತು. ತಕ್ಷಣ ಬಿಚ್ಚಿದೆ. ಬಂಬಿನ ಉಸಿರು ಅದೊಂದೇ ದಾರಿ, ಅದನ್ನು ಮುಚ್ಚಿದರೆ ಸಿಡಿಯುವುದು ಬಂಬೇ.

ಲೆಕ್ಕ

ಬ್ಲೋವರ್ 650, ಆಸಿಡ್ 150, ಮೊದಲ ರಿಪೇರಿ 980, ಎರಡನೇದು ಬಿರಡೆ ಕೂಡಿ 1,450, ಓಡಾಟ 680, ನಿಂಬೆ ಉಪ್ಪು 270, ಚಿಮಣಿ 950. ಒಟ್ಟು 5,130. ಇದರಲ್ಲಿ ನಿಜಕ್ಕೂ ಬೇಕಾಗಿದ್ದು ನಿಂಬೆ ಉಪ್ಪು, ಚಿಮಣಿ, ಬಿರಡೆ: 1,420. ಉಳಿದ 3,710 ನನ್ನ ಅವಸರದ ದಂಡ. ಮನೆಯವಳಿಗೆ ಮೊದಲ ಮೊತ್ತ ಮಾತ್ರ ಹೇಳಿದ್ದೇನೆ.

ಜನವರಿ 25, ಭಾನುವಾರ

ಮೂರು ವಾರದ ಮೇಲೆ ಬಿರಡೆ ತೆಗೆದೆ. ಒಂದು ಚಹಾ ಗ್ಲಾಸಿನಷ್ಟು ಬಿಳಿ ಗಸಿ ಬಂತು, ಇನ್ನೂ ಗಟ್ಟಿಯಾಗಿರಲಿಲ್ಲ. ಅಂದರೆ ತಿಂಗಳಿಗೊಮ್ಮೆ ಹೀಗೆ ಬಿಟ್ಟರೆ ಕಲ್ಲಾಗುವ ಮೊದಲೇ ಹೋಗುತ್ತದೆ. ನಿಂಬೆ ಉಪ್ಪು ವರ್ಷಕ್ಕೊಮ್ಮೆ, ಅರ್ಧ ಕಿಲೊ ಸಾಕಾಗಬಹುದು. ಚಿಮಣಿ ತಟ್ಟಿದರೆ ಒಣ ಮಸಿ ಮಾತ್ರ ಉದುರಿತು, ಒಂದು ಹಿಡಿ. ನಳದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ: ಒಂದು ಬಕೆಟ್ ತೆಗೆದರೆ ಒಂದು ಬಕೆಟ್ ಹಾಕಿ. ಅವ್ವನಿಗೆ ಓದಲು ಬರುವುದಿಲ್ಲ, ಅವಳಿಗೆ ಬರಹದ ಅಗತ್ಯವೂ ಇಲ್ಲ.

ಉಳಿದದ್ದು ಬಿರಡೆಯ ಸೋರಿಕೆ. ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ, ನೀರು 45 ದಾಟಿದ ಮೇಲೆ ಇಪ್ಪತ್ತು ಸೆಕೆಂಡಿಗೊಂದು ಹನಿ. ಬಿಳಿ ಟೇಪ್ ಎರಡು ಸಲ ಸುತ್ತಿದೆ, ರಬ್ಬರ್ ವಾಷರ್ ಹಾಕಿದೆ, ಅದು ಎರಡೇ ದಿನಕ್ಕೆ ಕಾವಿಗೆ ಮೆತ್ತಗಾಗಿ ಹಿಂಡಿಹೋಯಿತು. ಫೋನ್ ಮಾಡಿದರೆ ಚಾಚಾ ಚರ್ಮದ ವಾಷರ್ ಎಣ್ಣೆಯಲ್ಲಿ ನೆನೆಸಿ ಹಾಕಲು ಹೇಳಿದರು. ಚಪ್ಪಲಿ ಹೊಲೆಯುವವರ ಹತ್ತಿರ ಒಂದು ತುಂಡು ತಂದು ಒಳ್ಳೆಣ್ಣೆಯಲ್ಲಿ ಹಾಕಿಟ್ಟಿದ್ದೇನೆ. ಮುಂದಿನ ಭಾನುವಾರ ಬಂಬ್ ಖಾಲಿ ಮಾಡಿ, ಬೆಂಕಿ ಪೂರಾ ಆರಿದೆಯೋ ಇಲ್ಲವೋ ಎರಡು ಸಲ ನೋಡಿ ಹಾಕಬೇಕು. ಅಲ್ಲಿತನಕ ಬಿರಡೆಯ ಕೆಳಗೆ ಚಂಬು ಇಟ್ಟಿದ್ದೇವೆ.